ಕಚ್ಚಾ ತೈಲ ಇಳಿದರೂ ಬಂಕ್‌ನಲ್ಲಿ ರೇಟು ಯಾಕೆ ಇಳಿಯಲ್ಲ? ತೆರಿಗೆಯಲ್ಲಿ ಯಾರ ಪಾಲು ಎಷ್ಟು?

ವ್ಯಾನ್_ತುಮಕೂರು
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತೇನೆ, ಡೀಸೆಲ್ ಗಾಡಿ. 2025ರ ಜೂನ್‌ನಿಂದ ತಿಂಗಳ ಫೀಸು ಸ್ವಲ್ಪ ಏರಿಸುತ್ತೇನೆ ಅಂತ ಪೋಷಕರ ಗ್ರೂಪಿನಲ್ಲಿ ಹಾಕಿದೆ. ಐದು ನಿಮಿಷಕ್ಕೆ ಒಬ್ಬರು ಪೇಪರ್ ಕಟಿಂಗ್ ಹಾಕಿದರು. ಕಚ್ಚಾ ತೈಲ ಬ್ಯಾರೆಲ್‌ಗೆ 65 ಡಾಲರ್ ಹತ್ತಿರ ಇಳಿದಿದೆ, ನೀವು ನೋಡಿದರೆ ಫೀಸು ಏರಿಸುತ್ತೀರಾ ಅಂತ ಕೇಳಿದರು. ಇನ್ನೂ ನಾಲ್ಕು ಜನ ಅದಕ್ಕೆ ಲೈಕ್ ಒತ್ತಿದರು.

ಅವರು ಹೇಳಿದ್ದು ಸುಳ್ಳಲ್ಲ. ಆದರೆ 2025ರ ಏಪ್ರಿಲ್ 1ಕ್ಕೆ ಬೆಂಗಳೂರಲ್ಲಿ ಡೀಸೆಲ್ 2 ರೂಪಾಯಿ ಏರಿ 91 ದಾಟಿದ್ದೂ ಸುಳ್ಳಲ್ಲ. ಅದೇ ತಿಂಗಳು ಪ್ರಪಂಚದ ಮಾರುಕಟ್ಟೆಯಲ್ಲಿ ತೈಲ ಬಿತ್ತು, ಇಲ್ಲಿ ರೇಟು ಎದ್ದಿತು. ಇದು ಹೇಗೆ? ಕೇಂದ್ರದ್ದು ಎಷ್ಟು, ರಾಜ್ಯದ್ದು ಎಷ್ಟು, ಕಂಪನಿಯದ್ದು ಎಷ್ಟು? ಪಕ್ಷದ ಜಗಳ ಬೇಡ, ಲೆಕ್ಕ ಗೊತ್ತಿರುವವರು ಬಿಡಿಸಿ ಹೇಳಿ. ಪೋಷಕರಿಗೆ ಅದನ್ನೇ ತೋರಿಸುತ್ತೇನೆ.

ಅರಳಿಕಟ್ಟೆ
ಇದರಲ್ಲಿ ಲೆಕ್ಕ ಏನಿದೆ ಅಣ್ಣ? ರಾಜ್ಯ ಸರ್ಕಾರ ಗ್ಯಾರಂಟಿಗೆ ದುಡ್ಡು ಹೊಂದಿಸಬೇಕು, ಡೀಸೆಲ್ ಮೇಲೆ ಹಾಕಿತು. ಮುಗೀತು.

ಮೆಟ್ರೋ_ಪ್ರಯಾಣಿಕ
ಅದೇ ಏಪ್ರಿಲ್‌ನಲ್ಲಿ ಕೇಂದ್ರವೂ ಲೀಟರಿಗೆ 2 ರೂಪಾಯಿ ಅಬಕಾರಿ ಸುಂಕ ಏರಿಸಿತಲ್ಲ, ಅದು ಯಾವ ಗ್ಯಾರಂಟಿಗೆ?

ಅರಳಿಕಟ್ಟೆ
ಅದು ಬಂಕ್ ರೇಟಿಗೆ ಬರಲಿಲ್ಲ. ಜನರ ಜೇಬಿಗೆ ಕೈ ಹಾಕಿದ್ದು ರಾಜ್ಯ ಮಾತ್ರ.

ಲೆಕ್ಕದ_ಮೇಷ್ಟ್ರು
ಇಬ್ಬರೂ ಸ್ವಲ್ಪ ನಿಲ್ಲಿ. ಕೇಳಿದವರಿಗೆ ಮೊದಲು ಬಿಲ್ ಬಿಡಿಸಿ ತೋರಿಸೋಣ. ಬೆಂಗಳೂರಿನ 2025ರ ಏಪ್ರಿಲ್ ರೇಟು ಇಟ್ಟುಕೊಂಡು, ಪೈಸೆ ಬಿಟ್ಟು ಹೇಳುತ್ತೇನೆ.

ಪೆಟ್ರೋಲ್ ಸುಮಾರು 103. ಇದರಲ್ಲಿ ಕಂಪನಿ ಬಂಕಿಗೆ ಕೊಡುವ ತೆರಿಗೆ ಇಲ್ಲದ ಬೆಲೆ ಹೆಚ್ಚುಕಡಿಮೆ 54. ಕೇಂದ್ರದ ಅಬಕಾರಿ ಸುಂಕ 21.90. ಬಂಕ್ ಮಾಲೀಕರ ಕಮಿಷನ್ 4ರ ಆಸುಪಾಸು. ರಾಜ್ಯದ ಮಾರಾಟ ತೆರಿಗೆ 29.84 ಪರ್ಸೆಂಟ್, ಅದು 23ರ ಹತ್ತಿರ ಬರುತ್ತದೆ. ಅಂದರೆ ಎರಡೂ ಸರ್ಕಾರ ಸೇರಿ ಸುಮಾರು 45 ರೂಪಾಯಿ. ಇಬ್ಬರ ಪಾಲೂ ಹತ್ತಿರ ಹತ್ತಿರ ಸಮ ಅನ್ನೋದು ಗಮನಿಸಿ.

ಡೀಸೆಲ್ 91. ಕೇಂದ್ರದ್ದು 17.80. ರಾಜ್ಯದ್ದು ಏಪ್ರಿಲ್ 1ರಿಂದ 21.17 ಪರ್ಸೆಂಟ್, ಅದಕ್ಕೆ ಮುಂಚೆ 18.44 ಇತ್ತು. ರೂಪಾಯಿಯಲ್ಲಿ 16ರ ಹತ್ತಿರ. ಒಟ್ಟು ತೆರಿಗೆ 34 ಅಂದುಕೊಳ್ಳಿ.

ಇಲ್ಲಿ ಒಂದು ವಿಷಯ ತುಂಬಾ ಜನರ ಗಮನಕ್ಕೆ ಬರಲ್ಲ. ಕೇಂದ್ರದ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ನಿಗದಿ, ಎಣ್ಣೆ ಅಗ್ಗವಾಗಲಿ ತುಟ್ಟಿಯಾಗಲಿ ಅದು ಬದಲಾಗಲ್ಲ. ರಾಜ್ಯದ್ದು ಪರ್ಸೆಂಟ್ ಲೆಕ್ಕ. ಆ ಪರ್ಸೆಂಟ್ ಬೀಳುವುದು ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ. 21.90ಕ್ಕೆ 29.84 ಪರ್ಸೆಂಟ್ ಅಂದರೆ ಆರೂವರೆ ರೂಪಾಯಿ. ಇದು ತೆರಿಗೆಯ ಮೇಲಿನ ತೆರಿಗೆ. ಕೇಂದ್ರ ಏರಿಸಿದಾಗ ಬಂಕ್ ರೇಟೂ ಏರಿದರೆ ರಾಜ್ಯಕ್ಕೆ ಕೂತಲ್ಲೇ ಆದಾಯ ಬರುತ್ತದೆ, ಬೈಗುಳ ಮಾತ್ರ ಕೇಂದ್ರಕ್ಕೆ.

ವ್ಯಾನ್_ತುಮಕೂರು
ಮೇಷ್ಟ್ರೇ ಧನ್ಯವಾದ. ಇದನ್ನು ಹಾಗೇ ಗ್ರೂಪಿಗೆ ಹಾಕುತ್ತೇನೆ. ಆದರೆ ನನ್ನ ಮೂಲ ಪ್ರಶ್ನೆ ಉಳಿಯಿತು. ಕಚ್ಚಾ ತೈಲ ಇಷ್ಟು ಬಿದ್ದ ಮೇಲೆ ಆ 54 ಇಳಿಯಬೇಕಿತ್ತು ಅಲ್ವಾ?

ಜಿಎಸ್‌ಟಿ_ಗುಮಾಸ್ತ
ಇದಕ್ಕೆ ಉತ್ತರ ತೆರಿಗೆಯಲ್ಲಿ ಮಾತ್ರ ಹುಡುಕಿದರೆ ಸಿಗಲ್ಲ. ಡಾಲರ್ ನೋಡಬೇಕು.

2014ರ ಮೇ ತಿಂಗಳಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 108 ಡಾಲರ್ ಆಸುಪಾಸು, ಡಾಲರ್‌ಗೆ 58–59 ರೂಪಾಯಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಗುಣಿಸಿ ಭಾಗಿಸಿದರೆ ಲೀಟರ್ ಕಚ್ಚಾ ತೈಲ 40 ರೂಪಾಯಿಗೆ ಬಿತ್ತು. 2025ರ ಏಪ್ರಿಲ್–ಮೇನಲ್ಲಿ 65 ಡಾಲರ್, ಆದರೆ ಡಾಲರ್‌ಗೆ 85 ರೂಪಾಯಿ. ಲೀಟರಿಗೆ 35. ಡಾಲರಿನಲ್ಲಿ ನೋಡಿದರೆ 40 ಪರ್ಸೆಂಟ್ ಇಳಿಕೆ, ನಮ್ಮ ರೂಪಾಯಿಯಲ್ಲಿ ನೋಡಿದರೆ ಸುಮಾರು 12 ಪರ್ಸೆಂಟ್ ಅಷ್ಟೇ. ಪೇಪರ್‌ನವರು ಡಾಲರ್ ರೇಟು ಮಾತ್ರ ಹಾಕುತ್ತಾರೆ, ಓದಿದವರಿಗೆ ಅರ್ಧ ಕಥೆ ಮಾತ್ರ ಸಿಗುತ್ತದೆ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ 85 ಪರ್ಸೆಂಟ್‌ಗಿಂತ ಜಾಸ್ತಿ ಹೊರಗಿನಿಂದಲೇ ಬರುವುದರಿಂದ ರೂಪಾಯಿ ಕುಸಿದಾಗೆಲ್ಲ ಆ ಪೆಟ್ಟು ನೇರ ಬಂಕಿಗೆ ಬರುತ್ತದೆ.

ಮೆಟ್ರೋ_ಪ್ರಯಾಣಿಕ
ಹಾಗಾದರೂ 2014ರಲ್ಲಿ ದೆಹಲಿಯಲ್ಲಿ ಪೆಟ್ರೋಲ್ 71 ರೂಪಾಯಿ ಇತ್ತು. ಕಚ್ಚಾ ತೈಲ ರೂಪಾಯಿ ಲೆಕ್ಕದಲ್ಲೂ 2025ರಲ್ಲಿ 5 ಕಮ್ಮಿ ಅಂತ ನೀವೇ ಹೇಳಿದಿರಿ. ಹಾಗಾದರೆ 2025ರಲ್ಲಿ ಅಲ್ಲಿ 94 ಯಾಕೆ?

ಜಿಎಸ್‌ಟಿ_ಗುಮಾಸ್ತ
ಯಾಕೆಂದರೆ ಆಗ ಕೇಂದ್ರದ ಸುಂಕ ಪೆಟ್ರೋಲ್‌ಗೆ 9.48, ಡೀಸೆಲ್‌ಗೆ 3.56 ಇತ್ತು. 2025ರ ಏಪ್ರಿಲ್‌ನಲ್ಲಿ 21.90 ಮತ್ತು 17.80. ಡೀಸೆಲ್ ಐದು ಪಟ್ಟು ಆಗಿದೆ. ರೂಪಾಯಿ ಒಂದು ಕಾರಣ, ತೆರಿಗೆ ಇನ್ನೊಂದು, ಕಂಪನಿಗಳ ಮಾರ್ಜಿನ್ ಮೂರನೆಯದು. ಒಂದನ್ನೇ ಹಿಡಿದುಕೊಂಡು ಮಾತಾಡಿದರೆ ಲೆಕ್ಕ ತಾಳೆ ಆಗಲ್ಲ.

ಹುಬ್ಳಿ_ಲಾರಿ
ಮಾರ್ಜಿನ್ ಬಗ್ಗೆ ಯಾರೂ ಬಾಯಿ ಬಿಡಲ್ಲ ನೋಡ್ರಿ. ಏಪ್ರಿಲ್‌ನಲ್ಲಿ ಕೇಂದ್ರ 2 ರೂಪಾಯಿ ಏರಿಸಿದಾಗ ಬಂಕ್ ರೇಟು ಏರಲಿಲ್ಲ ಅಂತ ಎಲ್ಲರೂ ಖುಷಿಪಟ್ಟರು. ಅದರ ಅರ್ಥ ಏನು? ಕಂಪನಿ ಹತ್ತಿರ 2 ರೂಪಾಯಿ ಬಿಟ್ಟುಕೊಡುವಷ್ಟು ಜಾಗ ಇತ್ತು. ಇತ್ತು ಅಂದಮೇಲೆ ಅದು ಮೊದಲೇ ನಮಗೆ ಇಳಿಯಬೇಕಿತ್ತು. ನಮಗೆ ಬರಬೇಕಾದ ಇಳಿಕೆ ದಾರಿಯಲ್ಲೇ ಖಜಾನೆಗೆ ಹೋಯಿತು. ಏರಿಸಿದರೂ ಒಂದೇ, ಇಳಿಸದಿದ್ದರೂ ಒಂದೇ.

ಅರಳಿಕಟ್ಟೆ
ಕಂಪನಿಗಳು 2022ರಲ್ಲಿ ನಷ್ಟ ಅನುಭವಿಸಿದ್ದನ್ನೂ ಹೇಳಿ ಸ್ವಾಮಿ. ಉಕ್ರೇನ್ ಯುದ್ಧ ಆದಾಗ ತೈಲ 139 ಡಾಲರ್ ಮುಟ್ಟಿ ಬಂತು. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸರ್ಕಾರಿ ಕಂಪನಿಗಳು ಸೇರಿ 21 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಕಳಕೊಂಡವು. ಆಗ ನಮ್ಮ ರೇಟು ಏರದಂತೆ ಹಿಡಿದಿಟ್ಟಿದ್ದು ಇದೇ ಕಂಪನಿಗಳು. ಈಗ ಅದನ್ನು ತುಂಬಿಕೊಳ್ಳುತ್ತಿವೆ. ಅದರಲ್ಲಿ ಅನ್ಯಾಯ ಏನಿದೆ?

ಹುಬ್ಳಿ_ಲಾರಿ
ತುಂಬಿಕೊಂಡಾಗಿದೆ ಅಣ್ಣ. 2023–24ರಲ್ಲಿ ಅದೇ ಮೂರು ಕಂಪನಿಗಳ ಲಾಭ ಸುಮಾರು 81 ಸಾವಿರ ಕೋಟಿ. ಕಳಕೊಂಡಿದ್ದರ ಹತ್ತಿರ ಹತ್ತಿರ ನಾಲ್ಕು ಪಟ್ಟು ಒಂದೇ ವರ್ಷದಲ್ಲಿ ಬಂತು. ಅಷ್ಟು ಲಾಭದ ವರ್ಷದಲ್ಲಿ ನಮಗೆ ಸಿಕ್ಕಿದ್ದು ಲೋಕಸಭಾ ಚುನಾವಣೆಗೆ ಮುಂಚೆ, 2024ರ ಮಾರ್ಚ್‌ನಲ್ಲಿ ಇಳಿದ 2 ರೂಪಾಯಿ.

ಸುಮ್ನೆ_ಓದುವವಳು
ರೇಟು ದಿನಾ ಬದಲಾಗುತ್ತೆ ಅಂತ 2017ರಲ್ಲಿ ಹೇಳಿದ್ದರಲ್ಲ? ಅದು ಈಗಲೂ ಇದೆಯಾ? ನಮ್ಮ ಮನೆ ಹತ್ತಿರದ ಬಂಕ್‌ನಲ್ಲಿ ತಿಂಗಳುಗಟ್ಟಲೆ ಒಂದೇ ನಂಬರ್ ಇರುತ್ತೆ.

ಲೆಕ್ಕದ_ಮೇಷ್ಟ್ರು
ಕಾಗದದ ಮೇಲೆ ಇದೆ ತಾಯಿ. ಪೆಟ್ರೋಲ್ ರೇಟನ್ನು ಸರ್ಕಾರದ ಹಿಡಿತದಿಂದ ಬಿಟ್ಟಿದ್ದು 2010ರ ಜೂನ್‌ನಲ್ಲಿ, ಡೀಸೆಲ್ ಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ದಿನಾ ಬೆಳಗ್ಗೆ ರೇಟು ಬದಲಾಗುವ ಪದ್ಧತಿ 2017ರ ಜೂನ್ 16ಕ್ಕೆ ಶುರುವಾಯಿತು. ಮಾರುಕಟ್ಟೆ ನೋಡಿ ಕಂಪನಿಗಳೇ ರೇಟು ಹಾಕುತ್ತವೆ ಅನ್ನೋದು ನಿಯಮ. ಆದರೆ ನಡೆದದ್ದು ಬೇರೆ. 2018ರ ಮೇನಲ್ಲಿ ನಮ್ಮ ವಿಧಾನಸಭಾ ಚುನಾವಣೆ ಇದ್ದಾಗ ಹತ್ತೊಂಬತ್ತು ದಿನ ರೇಟು ಕದಲಲಿಲ್ಲ. ಮತದಾನ ಮುಗಿದ ಮೇಲೆ ಏರೋಕೆ ಶುರುವಾಯಿತು. 2021ರ ನವೆಂಬರ್‌ನಿಂದ 2022ರ ಮಾರ್ಚ್ 22ರವರೆಗೆ, ಉತ್ತರ ಪ್ರದೇಶದ ಚುನಾವಣೆ ಮುಗಿಯುವ ತನಕ, ನಾಲ್ಕೂವರೆ ತಿಂಗಳು ಹಾಗೇ ಇತ್ತು. ಆಮೇಲೆ ಹದಿನಾರು ದಿನದಲ್ಲಿ ಲೀಟರಿಗೆ 10 ರೂಪಾಯಿ ಏರಿತು. ಏರುವುದಕ್ಕೆ ಮಾರುಕಟ್ಟೆ ಕಾರಣ, ಏರದೆ ನಿಲ್ಲುವುದಕ್ಕೆ ಚುನಾವಣೆ ಕಾರಣ ಅಂದರೆ ಅದನ್ನು ಮುಕ್ತ ಮಾರುಕಟ್ಟೆ ಅನ್ನೋದು ಹೇಗೆ?

ಕಾಫಿ_ತೋಟ
ಆಯಿಲ್ ಬಾಂಡ್ ವಿಷಯ ಯಾರೂ ಎತ್ತಲಿಲ್ಲ. ಹಳೇ ಸರ್ಕಾರ ಮಾಡಿಟ್ಟ ಸಾಲ ತೀರಿಸೋಕೆ ಈ ತೆರಿಗೆ ಅಂತ ಹಣಕಾಸು ಸಚಿವರೇ 2021ರಲ್ಲಿ ಹೇಳಿದ್ದರು.

ಜಿಎಸ್‌ಟಿ_ಗುಮಾಸ್ತ
ಬಾಂಡ್ ಇದ್ದದ್ದು ನಿಜ. 2005ರಿಂದ 2010ರವರೆಗೆ ಕಂಪನಿಗಳಿಗೆ ಸಬ್ಸಿಡಿಯನ್ನು ನಗದು ಕೊಡುವ ಬದಲು ಬಾಂಡ್ ಕೊಟ್ಟರು. ಮುಂದಿನವರ ತಲೆಗೆ ಕಟ್ಟಿದ ಕೆಲಸ ಅದು, ಸಮರ್ಥಿಸಿಕೊಳ್ಳೋಕೆ ಆಗಲ್ಲ. ಆದರೆ ಅಳತೆ ನೋಡಿ. 2021ರಲ್ಲಿ ಬಾಕಿ ಇದ್ದ ಒಟ್ಟು ಅಸಲು ಸುಮಾರು 1.3 ಲಕ್ಷ ಕೋಟಿ, ಅದೂ 2026ರವರೆಗೆ ಕಂತಿನಲ್ಲಿ ತೀರಿಸುವಂಥದ್ದು. 2020–21ರ ಒಂದೇ ವರ್ಷದಲ್ಲಿ ಪೆಟ್ರೋಲ್, ಡೀಸೆಲ್ ಸುಂಕದಿಂದ ಬಂದದ್ದು 3 ಲಕ್ಷ ಕೋಟಿಗೂ ಮೀರಿ. ಆ ಒಂದು ವರ್ಷದ ದುಡ್ಡಿನ ಅರ್ಧದಲ್ಲೇ ಎಲ್ಲ ಬಾಂಡೂ ತೀರುತ್ತಿತ್ತು.

ಮೆಟ್ರೋ_ಪ್ರಯಾಣಿಕ
2020 ಅಂದಾಗ ನೆನಪಾಯಿತು. ಆ ವರ್ಷ ಏಪ್ರಿಲ್ 20ಕ್ಕೆ ಅಮೆರಿಕದ ತೈಲದ ರೇಟು ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಹೋಗಿತ್ತು. ಎರಡು ವಾರ ಕಳೆಯುವಷ್ಟರಲ್ಲಿ, ಮೇ ಮೊದಲ ವಾರ, ಕೇಂದ್ರ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ಮಾರ್ಚ್‌ನಲ್ಲಿ 3 ರೂಪಾಯಿ ಏರಿಸಿದ್ದು ಬೇರೆ. ಲಾಕ್‌ಡೌನ್ ಇತ್ತು, ಗಾಡಿಗಳೇ ರಸ್ತೆಯಲ್ಲಿ ಇರಲಿಲ್ಲ, ಯಾರಿಗೂ ತಿಳಿಯಲಿಲ್ಲ. ಆಮೇಲೆ ತೈಲ ಏರಿತು, ಸುಂಕ ಹಾಗೇ ಉಳಿಯಿತು, 2021ರಲ್ಲಿ ಪೆಟ್ರೋಲ್ ನೂರು ದಾಟಿತು.

ಅರಳಿಕಟ್ಟೆ
ಇಳಿಸಿದ್ದನ್ನು ಹೇಳಲ್ಲ ನೋಡಿ. 2021ರ ನವೆಂಬರ್‌ನಲ್ಲಿ ಪೆಟ್ರೋಲ್ 5, ಡೀಸೆಲ್ 10 ಇಳಿಸಿದರು. 2022ರ ಮೇನಲ್ಲಿ ಮತ್ತೆ 8 ಮತ್ತು 6. ಒಟ್ಟು ಪೆಟ್ರೋಲ್‌ಗೆ 13, ಡೀಸೆಲ್‌ಗೆ 16. 2020ರಲ್ಲಿ ಏರಿಸಿದ್ದು ಅಷ್ಟೇ, ಎಲ್ಲಾ ವಾಪಸ್ ಕೊಟ್ಟಾಗಿದೆ. ನವೆಂಬರ್‌ನಲ್ಲಿ ನಮ್ಮ ರಾಜ್ಯವೂ 7 ರೂಪಾಯಿ ಇಳಿಸಿತ್ತು. ಆಮೇಲೆ ಬಂದವರು 2024ರ ಜೂನ್‌ನಲ್ಲಿ ಪೆಟ್ರೋಲ್ ತೆರಿಗೆಯನ್ನು 25.92ರಿಂದ 29.84ಕ್ಕೆ, ಡೀಸೆಲ್ ತೆರಿಗೆಯನ್ನು 14.34ರಿಂದ 18.44ಕ್ಕೆ ಒಯ್ದರು. ಲೋಕಸಭಾ ಚುನಾವಣೆ ಫಲಿತಾಂಶ ಬಂದು ಎರಡು ವಾರವೂ ಆಗಿರಲಿಲ್ಲ. ಇದೂ ಚುನಾವಣೆ ಲೆಕ್ಕವೇ ಅಲ್ವಾ?

ಲೆಕ್ಕದ_ಮೇಷ್ಟ್ರು
ಜೂನ್ ವಿಷಯ ಸರಿಯಾಗಿದೆ, ಅದೂ ಚುನಾವಣೆ ನೋಡಿಕೊಂಡೇ ಮಾಡಿದ್ದು. ಆದರೆ "ಎಲ್ಲಾ ವಾಪಸ್" ಅನ್ನೋದು 2020ರ ಏರಿಕೆಗೆ ಮಾತ್ರ ಸರಿ. 2014ರ ನವೆಂಬರ್‌ನಿಂದ 2016ರ ಜನವರಿವರೆಗೆ ಒಂಬತ್ತು ಸಲ ಸುಂಕ ಏರಿತು, ಪೆಟ್ರೋಲ್‌ಗೆ 11.77, ಡೀಸೆಲ್‌ಗೆ 13.47. ಅದರಲ್ಲಿ ಬಹುಪಾಲು 2025ರಲ್ಲೂ ನಮ್ಮ ಬಿಲ್ಲಿನಲ್ಲೇ ಇತ್ತು. ಆಗಲೂ ನೆಪ ಇದೇ, ತೈಲ ಬಿದ್ದಿದೆ, ಜನಕ್ಕೆ ಹೊರೆ ಆಗಲ್ಲ ಅಂತ. ತೈಲ ಬಿದ್ದಾಗ ಏರಿದ ತೆರಿಗೆ ತೈಲ ಎದ್ದಾಗ ಅಷ್ಟೇ ಬೇಗ ಇಳಿಯಲ್ಲ. ಜನ ಬೀದಿಗೆ ಬರಬೇಕು, ಇಲ್ಲ ಚುನಾವಣೆ ಬರಬೇಕು. ನನಗೆ ಸಿಟ್ಟು ಬರುವುದು ತೆರಿಗೆ ಇದೆ ಅಂತ ಅಲ್ಲ, ಈ ಒಂದೇ ದಿಕ್ಕಿನ ನಡೆಗೆ.

ಬಂಕ್_ಗಲ್ಲಾ
ಬಂಕ್ ಕಡೆಯವರ ಮಾತೂ ಸ್ವಲ್ಪ ಕೇಳಿ. ನಾನು ಹಾಸನದ ಹತ್ತಿರ ಒಂದು ಬಂಕ್‌ನ ಲೆಕ್ಕ ಬರೆಯುತ್ತೇನೆ. ರೇಟು ಏರಿದ ದಿನ ಬೈಗುಳ ಕೇಳುವವರು ನಾವು. ಬೋರ್ಡ್ ತೋರಿಸಿ "ಎಷ್ಟು ತಿಂತೀರಾ" ಅಂತ ಕೇಳುತ್ತಾರೆ. ಪೆಟ್ರೋಲ್ ಲೀಟರಿಗೆ 4 ರೂಪಾಯಿ ಚಿಲ್ಲರೆ, ಡೀಸೆಲ್‌ಗೆ ಅದಕ್ಕಿಂತ ಕಮ್ಮಿ. ಹುಡುಗರ ಸಂಬಳ, ಕರೆಂಟು, ಕಾರ್ಡ್ ಮಿಷನ್, ಬಿಸಿಲಿಗೆ ಆವಿಯಾಗಿ ಹೋಗುವ ಪೆಟ್ರೋಲ್, ಎಲ್ಲ ಅದರಲ್ಲೇ.

ಸುಂಕ ಇಳಿಸಿದ ದಿನ ನಮಗೆ ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ. 2022ರ ಮೇ 21 ಶನಿವಾರ. ಡಿಪೋ ಭಾನುವಾರ ರಜೆ ಅಂತ ಎಲ್ಲ ಬಂಕ್‌ನವರೂ ಶನಿವಾರ ಲೋಡ್ ಇಳಿಸಿಕೊಂಡಿರುತ್ತಾರೆ. ನಮ್ಮಲ್ಲೂ ಮಧ್ಯಾಹ್ನ ಟ್ಯಾಂಕರ್ ಬಂತು, 12 ಸಾವಿರ ಲೀಟರ್, ದುಡ್ಡು ಮುಂಗಡ ಕಟ್ಟಿದ್ದು. ಡಿಪ್ ರಾಡ್ ಹಾಕಿ ಅಳತೆ ಬರೆದು, ಡೆನ್ಸಿಟಿ ನೋಡಿ ರಿಜಿಸ್ಟರ್‌ಗೆ ಸಹಿ ಹಾಕಿದ್ದೆ. ಸಂಜೆ ಟಿವಿಯಲ್ಲಿ ಘೋಷಣೆ ಬಂತು. ಬೆಳಗ್ಗೆ ಆರು ಗಂಟೆಗೆ ಹೊಸ ರೇಟು, ಲೀಟರಿಗೆ 9 ರೂಪಾಯಿ ಚಿಲ್ಲರೆ ಕಮ್ಮಿ. ನೆಲದಡಿಯ ಟ್ಯಾಂಕಿನಲ್ಲಿ ಇದ್ದದ್ದು ಹಳೇ ಸುಂಕ ಕಟ್ಟಿದ ಮಾಲು. ಒಂದೇ ರಾತ್ರಿ ಲಕ್ಷದ ಮೇಲೆ ಹೋಯಿತು. ಸುಂಕ ಇಳಿಸಿ, ಬೇಡ ಅನ್ನಲ್ಲ. ಆದರೆ ಕಟ್ಟಿದ ಸುಂಕ ವಾಪಸ್ ಕೊಡುವ ದಾರಿ ಇರಬೇಕಲ್ವಾ? ಅದೇ ಮೇ 31ಕ್ಕೆ ಬಹಳ ರಾಜ್ಯಗಳಲ್ಲಿ ಬಂಕ್‌ನವರು ಒಂದು ದಿನ ಮಾಲು ಎತ್ತದೆ ಪ್ರತಿಭಟನೆ ಮಾಡಿದ್ದು ಇದಕ್ಕೂ ಕಮಿಷನ್‌ಗೂ.

ಹುಬ್ಳಿ_ಲಾರಿ
ಏರಿದಾಗ ಹಳೇ ಮಾಲಿಗೆ ಹೊಸ ರೇಟು ಬರುತ್ತದಲ್ಲ, ಆಗ ಲಾಭ ಇಲ್ವಾ?

ಬಂಕ್_ಗಲ್ಲಾ
ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಏರುವುದು ಸಾಮಾನ್ಯವಾಗಿ ದಿನಕ್ಕೆ ಪೈಸೆ ಲೆಕ್ಕದಲ್ಲಿ. ಇಳಿಯುವುದು ಒಂದೇ ರಾತ್ರಿ ಎಂಟು ಹತ್ತು ರೂಪಾಯಿ.

ಕಾಸರಗೋಡಿನವ
ಗಡಿಯಲ್ಲಿ ಇರುವವರಿಗೆ ತೆರಿಗೆ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ 2023ರ ಏಪ್ರಿಲ್‌ನಿಂದ ಕೇರಳ ಸರ್ಕಾರ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ (ಒಂದು ಉದ್ದೇಶಕ್ಕೆ ಅಂತ ಹಾಕುವ ಹೆಚ್ಚುವರಿ ತೆರಿಗೆ) ಹಾಕಿದೆ, ವ್ಯಾಟ್ ಅಂದರೆ ಮಾರಾಟ ತೆರಿಗೆ ಬೇರೆ. ಮಂಗಳೂರಿಗೆ ಕೆಲಸಕ್ಕೆ ಹೋಗುವವರೆಲ್ಲ ತಲಪಾಡಿ ದಾಟಿದ ಮೇಲೇ ಟ್ಯಾಂಕ್ ತುಂಬಿಸುವುದು. ನಮ್ಮ ಪಂಚಾಯ್ತಿಯ ಬಂಕ್ ಮಧ್ಯಾಹ್ನ ಹೊತ್ತು ಖಾಲಿ ಹೊಡೆಯುತ್ತದೆ. ಅದೇ ಎಣ್ಣೆ, ಅದೇ ಕಂಪನಿ, ನಡುವೆ ಇರುವುದು ಒಂದು ಚೆಕ್‌ಪೋಸ್ಟ್.

ಅರಳಿಕಟ್ಟೆ
ಕರ್ನಾಟಕದಲ್ಲೇ ಕಮ್ಮಿ ಅಂತಾಯಿತು ಹಾಗಾದರೆ. ನಮ್ಮ ಸರ್ಕಾರದವರೂ ಏಪ್ರಿಲ್‌ನಲ್ಲಿ ಇದನ್ನೇ ಹೇಳಿದ್ದು, ಹೊಸೂರು, ಕಾಸರಗೋಡು, ಅನಂತಪುರಕ್ಕಿಂತ ಇಲ್ಲಿ ಡೀಸೆಲ್ ಕಮ್ಮಿ ಅಂತ. ಪಕ್ಕದವನು ಜಾಸ್ತಿ ತೆಗೆದುಕೊಳ್ಳುತ್ತಾನೆ ಅನ್ನೋದು ನಾನು ಜಾಸ್ತಿ ತೆಗೆದುಕೊಳ್ಳೋಕೆ ಕಾರಣ ಆಗುತ್ತಾ?

ಮೆಟ್ರೋ_ಪ್ರಯಾಣಿಕ
ರಾಜ್ಯ ಯಾಕೆ ಇಲ್ಲೇ ಕೈ ಹಾಕುತ್ತೆ ಅಂತಲೂ ಯೋಚಿಸಿ. ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನೇ ದರ ತೀರ್ಮಾನ ಮಾಡಬಹುದಾದ ದೊಡ್ಡ ತೆರಿಗೆಗಳು ಎಷ್ಟು ಉಳಿದವು? ಪೆಟ್ರೋಲ್–ಡೀಸೆಲ್, ಮದ್ಯ, ಆಸ್ತಿ ನೋಂದಣಿ, ವಾಹನ ತೆರಿಗೆ. ದುಡ್ಡು ಬೇಕಾದಾಗಲೆಲ್ಲ ಇವೇ ಸಿಗುವುದು.

ಲೆಕ್ಕದ_ಮೇಷ್ಟ್ರು
ಇದಕ್ಕೆ ಇನ್ನೊಂದು ಮುಖ ಇದೆ, ನನ್ನ ಪ್ರಕಾರ ಈ ಇಡೀ ಚರ್ಚೆಯ ಬೇರು ಅಲ್ಲಿದೆ. ಸೆಸ್.

ಕೇಂದ್ರದ ಸುಂಕ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ನಿಜಕ್ಕೂ ನಾಲ್ಕು ತುಂಡು. ಮೂಲ ಅಬಕಾರಿ ಸುಂಕ, ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಮತ್ತು ಮೂಲಸೌಕರ್ಯ ಸೆಸ್, ಕೃಷಿ ಮೂಲಸೌಕರ್ಯ ಸೆಸ್. ಇದರಲ್ಲಿ ಮೂಲ ಸುಂಕ ಮಾತ್ರ ರಾಜ್ಯಗಳ ಜೊತೆ ಹಂಚಿಕೊಳ್ಳುವ ಗಂಟಿಗೆ ಹೋಗುತ್ತದೆ, ಹಣಕಾಸು ಆಯೋಗ ಹೇಳಿದ 41 ಪರ್ಸೆಂಟ್ ಲೆಕ್ಕ ಅದಕ್ಕಷ್ಟೇ. ಉಳಿದ ಮೂರೂ ಪೂರ್ತಿ ಕೇಂದ್ರದ್ದು. 2021ರ ಬಜೆಟ್‌ನಲ್ಲಿ ಕೃಷಿ ಸೆಸ್ ತಂದಾಗ ಮೂಲ ಸುಂಕವನ್ನು ಪೆಟ್ರೋಲ್‌ಗೆ 1.40, ಡೀಸೆಲ್‌ಗೆ 1.80 ರೂಪಾಯಿಗೆ ಇಳಿಸಿದರು. ಗ್ರಾಹಕನಿಗೆ ಒಂದು ಪೈಸೆ ವ್ಯತ್ಯಾಸ ಆಗಲಿಲ್ಲ, ಒಟ್ಟು 32.90 ಹಾಗೇ ಇತ್ತು. ಆದರೆ ಆ 32.90ರಲ್ಲಿ ರಾಜ್ಯಗಳು ಪಾಲು ಕೇಳಬಹುದಾದದ್ದು 1.40 ಮಾತ್ರ. 2020–21ರಲ್ಲಿ ಬಂದ 3.72 ಲಕ್ಷ ಕೋಟಿ ಸುಂಕದಲ್ಲಿ ರಾಜ್ಯಗಳಿಗೆ ಹೋದದ್ದು 20 ಸಾವಿರ ಕೋಟಿಗಿಂತ ಸ್ವಲ್ಪ ಕಮ್ಮಿ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ.

ಹೀಗಾಗಿ ಕೇಂದ್ರ ತೆರಿಗೆ ಏರಿಸಿದಾಗ ರಾಜ್ಯಕ್ಕೆ ಪಾಲು ಇಲ್ಲ. ರಾಜ್ಯ ತನ್ನದನ್ನು ತಾನೇ ಏರಿಸಿಕೊಳ್ಳುತ್ತದೆ. ಇಬ್ಬರೂ ಒಂದೇ ಲೀಟರಿನ ಮೇಲೆ. ರಾಜ್ಯ ಗ್ಯಾರಂಟಿಗೆ ವರ್ಷಕ್ಕೆ 52 ಸಾವಿರ ಕೋಟಿ ಆಸುಪಾಸು ಇಟ್ಟಿದೆ, ಅದಕ್ಕೆ ದುಡ್ಡು ಬೇಕು ಅನ್ನೋದೂ ಸುಳ್ಳಲ್ಲ. ಕೇಂದ್ರ, ರಾಜ್ಯ ಅಂತ ಜಗಳ ಆಡುವಾಗ ಈ ಹಂಚಿಕೆ ಪದ್ಧತಿಯನ್ನೇ ಯಾರೂ ಪ್ರಶ್ನೆ ಮಾಡಲ್ಲ.

ಹುಬ್ಳಿ_ಲಾರಿ
ರಸ್ತೆ ಸೆಸ್ ಅಂದಿರಲ್ಲ ಮೇಷ್ಟ್ರೇ. ಲೀಟರಿಗೆ ರಸ್ತೆ ಸೆಸ್ ಕೊಟ್ಟೆ. ಗಾಡಿ ಮೇಲೆ ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿದೆ. ಆಮೇಲೆ ಹುಬ್ಬಳ್ಳಿಯಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ಟೋಲ್ ಮೇಲೆ ಟೋಲ್. ಒಂದು ರಸ್ತೆಗೆ ಮೂರು ಸಲ ದುಡ್ಡು. ಏಪ್ರಿಲ್‌ನಲ್ಲಿ ನಾವು ಮುಷ್ಕರಕ್ಕೆ ಕೂತಾಗ ಡೀಸೆಲ್ ಜೊತೆ ಟೋಲ್ ವಿಷಯವೂ ಇತ್ತು, ಟಿವಿಯಲ್ಲಿ ಬಂದದ್ದು ಡೀಸೆಲ್ ಮಾತ್ರ.

ರಾಯಚೂರು_ಭತ್ತ
ಲಾರಿಯವರಾದರೂ ಬಾಡಿಗೆ ಏರಿಸಬಹುದು. ರೈತ ಏನು ಏರಿಸಬೇಕು? ಭತ್ತದ ಕಟಾವು ಯಂತ್ರ ಗಂಟೆ ಲೆಕ್ಕ. ಡೀಸೆಲ್ 2 ರೂಪಾಯಿ ಏರಿದರೆ ಯಂತ್ರದವರು ಗಂಟೆಗೆ ನೂರು ಏರಿಸುತ್ತಾರೆ, ಇಳಿದರೆ ಇಳಿಸಲ್ಲ. ಗದ್ದೆ ಹಸಿ ಇದ್ದರೆ ಚೈನ್ ಮಿಷನ್ ಬೇಕು, ಅದು ಇನ್ನೂ ಜಾಸ್ತಿ ಕುಡಿಯುತ್ತದೆ. ಉಳುಮೆ, ರೋಟಾವೇಟರ್, ಕಟಾವು, ಮಿಲ್ಲಿಗೆ ಟ್ರ್ಯಾಕ್ಟರ್, ಎಲ್ಲದಕ್ಕೂ ಡೀಸೆಲ್. ರೈತ ಶಕ್ತಿ ಅಂತ 2022ರಲ್ಲಿ ಎಕರೆಗೆ 250 ರೂಪಾಯಿ ಡೀಸೆಲ್ ಸಹಾಯಧನ ತಂದರು, ಐದು ಎಕರೆವರೆಗೆ. ಒಳ್ಳೆಯ ಯೋಚನೆ. ಆದರೆ 250 ರೂಪಾಯಿಗೆ ಮೂರು ಲೀಟರೂ ಬರಲ್ಲ. ಎಕರೆ ಉಳುಮೆಗೇ ಸಾಲಲ್ಲ.

ಸುಮ್ನೆ_ಓದುವವಳು
ಇಷ್ಟೆಲ್ಲ ಗೋಜಲು ಯಾಕೆ, ಜಿಎಸ್‌ಟಿಗೆ ತಂದುಬಿಟ್ಟರೆ ಮುಗಿಯಲ್ವಾ?

ಅರಳಿಕಟ್ಟೆ
ರಾಜ್ಯಗಳೇ ಬಿಡಲ್ಲ.

ಜಿಎಸ್‌ಟಿ_ಗುಮಾಸ್ತ
ರಾಜ್ಯಗಳೂ ಬಿಡಲ್ಲ, ಕೇಂದ್ರಕ್ಕೂ ಅವಸರ ಇಲ್ಲ. ಸಂವಿಧಾನದಲ್ಲಿ ದಾರಿ ಇದೆ, 279ಎ ವಿಧಿ. ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನು ಯಾವಾಗಿಂದ ಜಿಎಸ್‌ಟಿಗೆ ತರಬೇಕು ಅಂತ ಕೇಂದ್ರ, ರಾಜ್ಯಗಳು ಸೇರಿದ ಜಿಎಸ್‌ಟಿ ಕೌನ್ಸಿಲ್ ಹೇಳಬೇಕು. ಕೇರಳ ಹೈಕೋರ್ಟ್ ಹೇಳಿದ ಮೇಲೆ 2021ರ ಸೆಪ್ಟೆಂಬರ್ 17ಕ್ಕೆ ಲಖನೌ ಸಭೆಯಲ್ಲಿ ವಿಷಯ ಬಂತು, ಇದಕ್ಕೆ ಇನ್ನೂ ಸಮಯ ಬಂದಿಲ್ಲ ಅಂತ ಮುಗಿಸಿದರು.

ಯಾಕೆ ಅಂತ ಲೆಕ್ಕ ಹಾಕಿ. 54ಕ್ಕೆ ಕಮಿಷನ್ ಸೇರಿಸಿ 58. 2025ರ ಸೆಪ್ಟೆಂಬರ್‌ವರೆಗೆ ಇದ್ದ ಮೇಲಿನ ದರ 28 ಪರ್ಸೆಂಟ್ ಹಾಕಿದರೆ ತೆರಿಗೆ 16, ಬಂಕ್ ರೇಟು 74. ನಮಗೆ ಹಬ್ಬ. ಆ 16ರಲ್ಲಿ ರಾಜ್ಯಕ್ಕೆ ಅರ್ಧ, 8 ರೂಪಾಯಿ. 2025ರ ಏಪ್ರಿಲ್ ಲೆಕ್ಕದಲ್ಲಿ ಅದು ತೆಗೆದುಕೊಳ್ಳುತ್ತಿದ್ದದ್ದು 23. ಲೀಟರಿಗೆ 15 ರೂಪಾಯಿ ಹೋಗುತ್ತದೆ. ಕೇಂದ್ರಕ್ಕೂ ಹತ್ತಿರ ಹತ್ತಿರ 14 ಹೋಗುತ್ತದೆ. ಅದನ್ನು ತುಂಬೋಕೆ ಜಿಎಸ್‌ಟಿ ಮೇಲೆ ಮತ್ತೊಂದು ಸೆಸ್ ಹಾಕಿದರೆ ರೇಟು ಪುನಃ ನೂರರ ಹತ್ತಿರವೇ.

ಆದರೂ ನಾನು ಜಿಎಸ್‌ಟಿ ಪರ. ಕಾರಣ ಬಂಕ್ ರೇಟಲ್ಲ. ಈಗ ಲಾರಿ ಮಾಲೀಕ ಡೀಸೆಲ್ ಮೇಲೆ ಕಟ್ಟುವ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಅದನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋಕೆ ಆಗಲ್ಲ. ಆ ತೆರಿಗೆ ಬಾಡಿಗೆಯಲ್ಲಿ ಸೇರುತ್ತದೆ, ಬಾಡಿಗೆ ಸಾಮಾನಿನ ರೇಟಲ್ಲಿ ಸೇರುತ್ತದೆ, ಆ ರೇಟಿನ ಮೇಲೆ ಮತ್ತೆ ಜಿಎಸ್‌ಟಿ. ದಿನಾ ನಾನು ಫೈಲ್ ಮಾಡುವ ಬಿಲ್ಲುಗಳಲ್ಲಿ ಇದು ಕಣ್ಣಿಗೆ ಕಾಣಲ್ಲ, ಆದರೆ ಪ್ರತಿಯೊಂದರಲ್ಲೂ ಇದೆ. ಗಾಡಿ ಇಲ್ಲದವರೂ ಡೀಸೆಲ್ ತೆರಿಗೆ ಕಟ್ಟುತ್ತಿದ್ದಾರೆ.

ಕಾಫಿ_ತೋಟ
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಂಧನದ ಮೇಲೆ ತೆರಿಗೆ ಜಾಸ್ತಿಯೇ ಇರಬೇಕು. ನಮ್ಮ ಕಡೆ ಮಳೆ ಹೇಗೆ ಅಡ್ಡಾದಿಡ್ಡಿ ಆಗಿದೆ ಅಂತ ತೋಟದವರಿಗೆ ಗೊತ್ತು. ಹೂ ಮಳೆ ಸಮಯಕ್ಕೆ ಬರಲ್ಲ, ಕೊಯ್ಲಿನ ಹೊತ್ತಿಗೆ ಸುರಿಯುತ್ತದೆ. ಹೊಗೆ ಬಿಡುವ ಎಣ್ಣೆ ಅಗ್ಗ ಮಾಡಿ ಅನ್ನೋದು ಹೇಗೆ ಸರಿ? ಬ್ರಿಟನ್‌ನಲ್ಲಿ 2025ರಲ್ಲಿ ಲೀಟರಿಗೆ 52.95 ಪೆನ್ಸ್ ಸುಂಕ, ಅದರ ಮೇಲೆ 20 ಪರ್ಸೆಂಟ್ ವ್ಯಾಟ್ ಇತ್ತು. ನಾವೇ ಲೋಕದಲ್ಲೆಲ್ಲ ಜಾಸ್ತಿ ಕಟ್ಟುತ್ತೇವೆ ಅನ್ನೋದು ಸರಿಯಲ್ಲ.

ಮೆಟ್ರೋ_ಪ್ರಯಾಣಿಕ
ಬ್ರಿಟನ್‌ನವರ ಸಂಬಳ ನೋಡಿ ಹೋಲಿಸಬೇಕು ಅಲ್ವಾ? ಅಮೆರಿಕದಲ್ಲಿ ಕೇಂದ್ರದ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 18.4 ಸೆಂಟ್, 1993ರಿಂದ ಏರಿಸಿಲ್ಲ. ಫ್ರಾನ್ಸ್‌ನಲ್ಲಿ 2018ರಲ್ಲಿ ಪರಿಸರದ ಹೆಸರಲ್ಲೇ ಇಂಧನ ತೆರಿಗೆ ಏರಿಸಲು ಹೊರಟಾಗ ಹಳದಿ ಜಾಕೆಟ್ ಹಾಕಿಕೊಂಡು ಹಳ್ಳಿ ಕಡೆಯವರು ಬೀದಿಗೆ ಬಂದರು, ಸರ್ಕಾರ ಹಿಂದೆ ಸರಿಯಿತು. ಬಸ್ಸು ರೈಲು ಇಲ್ಲದ ಕಡೆ ತೆರಿಗೆ ಹಾಕಿದರೆ ಜನ ಓಡಾಟ ಬಿಡಲ್ಲ, ಬೇರೆ ಖರ್ಚು ಬಿಡುತ್ತಾರೆ. ಬೆಂಗಳೂರಲ್ಲಿ 2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿಸಿದ ಮೇಲೆ ನನ್ನ ಪಕ್ಕದ ಮನೆಯವರು ವಾಪಸ್ ಸ್ಕೂಟರ್ ಹತ್ತಿದ್ದಾರೆ. ಪರಿಸರಕ್ಕೆ ತೆರಿಗೆ ಅಂದರೆ ಆ ದುಡ್ಡು ಬಸ್ಸಿಗೆ, ಮೆಟ್ರೋಗೆ ಹೋಗಲಿ, ಒಪ್ಪುತ್ತೇನೆ.

ಕಾಫಿ_ತೋಟ
ಅದಕ್ಕೆ ನನ್ನದೂ ಒಪ್ಪಿಗೆ. ದುಡ್ಡು ಎಲ್ಲಿ ಹೋಗುತ್ತದೆ ಅನ್ನೋದೇ ವಿಷಯ.

ರಾಯಚೂರು_ಭತ್ತ
ರಷ್ಯಾ ಎಣ್ಣೆ ಅಗ್ಗಕ್ಕೆ ಬರುತ್ತಿದೆ ಅಂದರು. ಅದು ಎಲ್ಲಿ ಹೋಯಿತು?

ಜಿಎಸ್‌ಟಿ_ಗುಮಾಸ್ತ
ಬಂತು. 2022ಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾ ಪಾಲು 2 ಪರ್ಸೆಂಟ್‌ಗಿಂತ ಕಮ್ಮಿ, ಆಮೇಲೆ ಮೂರನೇ ಒಂದು ಭಾಗಕ್ಕಿಂತ ಮೇಲೆ ಹೋಯಿತು. ಆದರೆ ಕಂಪನಿಗಳ ಮಾರಾಟ ಬೆಲೆಯ ಲೆಕ್ಕಕ್ಕೆ ಆಧಾರ ಹೊರಗಿನ ಮಾರುಕಟ್ಟೆಯ ಪೆಟ್ರೋಲ್, ಡೀಸೆಲ್ ಬೆಲೆ, ತಾವು ಕೊಂಡ ಕಚ್ಚಾ ತೈಲದ ಬೆಲೆಯಲ್ಲ. 80 ಪಾಲು ಆಮದು ಬೆಲೆ, 20 ಪಾಲು ರಫ್ತು ಬೆಲೆ ಅನ್ನೋ ಸೂತ್ರ 2006ರಿಂದ ಇದೆ. ಅಗ್ಗಕ್ಕೆ ಕೊಂಡರೆ ಲಾಭ ಮೊದಲು ಅವರಿಗೆ. ಮೇಲೆ ಹೇಳಿದ 81 ಸಾವಿರ ಕೋಟಿಯಲ್ಲಿ ಇದರ ಪಾಲೂ ಇದೆ.

ಸುಮ್ನೆ_ಓದುವವಳು
ಎಥನಾಲ್ ಬೆರೆಸುತ್ತಾರಲ್ಲ, ಅದರಿಂದ ಅಗ್ಗ ಆಗಬೇಕಿತ್ತು. ನನ್ನ ಹಳೇ ಸ್ಕೂಟಿ ಮೈಲೇಜ್ ಬೇರೆ ಕಮ್ಮಿ ಆಗಿದೆ ಅನಿಸುತ್ತೆ.

ಬಂಕ್_ಗಲ್ಲಾ
ಎಥನಾಲ್ ಅಗ್ಗ ಅಲ್ಲ ಅಕ್ಕ. ಮೆಕ್ಕೆಜೋಳದ ಎಥನಾಲ್‌ಗೆ ಕಂಪನಿಗಳು ಲೀಟರಿಗೆ 70 ರೂಪಾಯಿಗೂ ಮೇಲೆ ಕೊಡುತ್ತವೆ. ಮೇಷ್ಟ್ರು ಹೇಳಿದ 54ಕ್ಕಿಂತ ಅದು ಜಾಸ್ತಿ. ಡಾಲರ್ ಉಳಿಯುತ್ತದೆ, ಜೋಳದವರಿಗೆ, ಕಬ್ಬಿನವರಿಗೆ ದುಡ್ಡು ಸಿಗುತ್ತದೆ, ಅದು ಒಳ್ಳೆಯದೇ. ಎಥನಾಲ್‌ನಲ್ಲಿ ಶಕ್ತಿ ಕಮ್ಮಿ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ನೀರು ಸೇರಿದರೆ ತೊಂದರೆ, ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿ ಇದೆಯಾ ನೋಡಿಕೊಳ್ಳಿ.

ಅರಳಿಕಟ್ಟೆ
ಬಂಕ್‌ನವರೇ, ಒಂದು ಕೇಳುತ್ತೇನೆ. ಹೋಟೆಲ್ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಬೇರೆ ಬೇರೆ ಬರುತ್ತೆ. ಪೆಟ್ರೋಲ್ ಬಿಲ್ಲಿನಲ್ಲಿ ಯಾಕೆ ಇಲ್ಲ? ಕೇಂದ್ರ ಇಷ್ಟು, ರಾಜ್ಯ ಇಷ್ಟು ಅಂತ ಇದ್ದರೆ ನಾವು ಇಷ್ಟು ಜಗಳ ಆಡಬೇಕಿರಲಿಲ್ಲ.

ಬಂಕ್_ಗಲ್ಲಾ
ನಮ್ಮ ಮಿಷನ್‌ನಲ್ಲಿ ಬರುವುದು ರೇಟು, ಲೀಟರ್, ಮೊತ್ತ, ನಾಜಲ್ ನಂಬರ್, ಗಾಡಿ ನಂಬರ್ ಅಷ್ಟೇ. ಅದರ ಸಾಫ್ಟ್‌ವೇರ್ ಕಂಪನಿಯದ್ದು, ನಾವು ಒಂದು ಸಾಲೂ ಸೇರಿಸೋಕೆ ಆಗಲ್ಲ. ಕಂಪನಿ ಮನಸ್ಸು ಮಾಡಿದರೆ ಒಂದು ದಿನದ ಕೆಲಸ. ನಮಗೂ ಬೈಗುಳ ತಪ್ಪುತ್ತದೆ.

ಮೆಟ್ರೋ_ಪ್ರಯಾಣಿಕ
ಅರಳಿಕಟ್ಟೆಯವರ ಜೊತೆ ಇದೊಂದಕ್ಕೆ ನಾನು ಪೂರ್ತಿ ಒಪ್ಪುತ್ತೇನೆ. ಕೇಂದ್ರ, ರಾಜ್ಯ ಇಬ್ಬರ ಹೆಸರೂ ಬಿಲ್ಲಿನಲ್ಲಿ ಬರಲಿ. ಸೆಸ್ ಕೂಡ ಬೇರೆ ಸಾಲಿನಲ್ಲಿ ಬರಲಿ.

ವ್ಯಾನ್_ತುಮಕೂರು
ಎಲ್ಲರಿಗೂ ಧನ್ಯವಾದ, ಮೇಷ್ಟ್ರ ಲೆಕ್ಕ ಮತ್ತು ಗುಮಾಸ್ತರ ಡಾಲರ್ ಲೆಕ್ಕ ಎರಡನ್ನೂ ಗ್ರೂಪಿಗೆ ಹಾಕಿದೆ. ಪೇಪರ್ ಕಟಿಂಗ್ ಹಾಕಿದವರು "ಹಾಗಾದರೆ ಡೀಸೆಲ್ ಇಳಿದರೆ ನೀವು ಇಳಿಸುತ್ತೀರಾ" ಅಂತ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಹೇಗೆ ಒಪ್ಪಂದ ಮಾಡಿಕೊಳ್ಳಬಹುದು? ಲಾರಿಯವರು ಕಂಪನಿಗಳ ಜೊತೆ ಏನು ಮಾಡುತ್ತೀರಿ?

ಹುಬ್ಳಿ_ಲಾರಿ
ನಾವು ಸಿಮೆಂಟ್ ಲೋಡಿಗೆ ಕಾಗದ ಮಾಡಿಕೊಳ್ಳುವಾಗ ಆ ದಿನದ ಡೀಸೆಲ್ ರೇಟು ಬರೆದಿಡುತ್ತೇವೆ. ಅಲ್ಲಿಂದ ಇಷ್ಟು ರೂಪಾಯಿ ಮೇಲೆ ಹೋದರೆ ಬಾಡಿಗೆ ಇಷ್ಟು ಜಾಸ್ತಿ, ಕೆಳಗೆ ಬಂದರೆ ಇಷ್ಟು ಕಮ್ಮಿ. ಎರಡೂ ಕಡೆ ಬರೆದಿರಬೇಕು, ಇಲ್ಲದಿದ್ದರೆ ಕಂಪನಿಯವರು ಸಹಿ ಹಾಕಲ್ಲ. ನಿಮ್ಮ ವ್ಯಾನ್ ತಿಂಗಳಿಗೆ ಎಷ್ಟು ಲೀಟರ್ ಕುಡಿಯುತ್ತದೆ, ಎಷ್ಟು ಮಕ್ಕಳು ಅಂತ ಹಾಕಿ, ಬರೆದುಕೊಡುತ್ತೇನೆ. ಟೈರು, ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಖರ್ಚು ಅದರಲ್ಲಿ ಸೇರಿಸಬೇಡಿ, ಅದನ್ನು ವರ್ಷಕ್ಕೊಮ್ಮೆ ಬೇರೆ ಮಾತಾಡಿ.